ಖಳಿಯ ವಯಸ್ಸು

ದನದ ದವಾಖಾನಿ ಚೀಟಿಯೊಳಗ
ಹೆಸರು: ಖಳಿ. ವಯಸ್ಸು: ಹನ್ನೆರಡು.
ಕಾಂಪೌಂಡರ್ ಅಬ್ಬಿಗೇರಿ ಪೆನ್ನು ಎತ್ತಿ ಹಿಡದು
'ಮನಷ್ಯಾರ ಲೆಕ್ಕಕ್ಕ ಎಪ್ಪತ್ನಾಕು' ಅಂದ.
'ಹಲ್ಲು ಸಡ್ಲ ಆಗ್ಯಾವು, ರೊಟ್ಟಿ ನೆನಸಿ ಹಾಕ್ರಿ.'

ಏಳರ ಮಗ್ಗಿ ಅಲ್ಲಂತ ಅದು.
ಮೊದಲ ವರ್ಷಕ್ಕ ಹದಿನೈದು, ಎರಡನೇದಕ್ಕ ಒಂಬತ್ತು,
ಆಮ್ಯಾಲೆ ವರ್ಷಕ್ಕ ಐದೈದು,
ಮಸಾರಿ ದಾಟಿ ಹಸಿ ಎರಿಗೆ ಇಳಿದ ಚಕ್ಕಡಿಯಂಗ.

ಬೆಟಗೇರಿಯೊಳಗ, ಪ್ರೆಸ್ಸಿನ ಹಿಂದಿನ ಖೋಲಿಯಾಗ
ಕೀರ್ದಿ, ಖತಾವಣಿ ಹೊಲಿಯೋ ಬೈಂಡರ್ ನಾನು.
ಮೂವತ್ತು ವರ್ಷ ಊರ ಮಂದಿ ಲೆಕ್ಕಕ್ಕ ರಟ್ಟು ಹಾಕೀನಿ,
ಒಳಗ ಏನು ಬರೀತಾರ, ನೋಡಿದವಲ್ಲ.
ಅವತ್ತು ಸಂಜಿಕ, ಕತ್ತರಿಸಿ ಉಳಿದ ಕಾಗದದ ಪಟ್ಟಿ ಮ್ಯಾಲೆ
ನಂದೂ ಒಂದು ಲೆಕ್ಕ ಬರದೆ.

ಶ್ರಾವಣದಾಗ ಬಂದಿತ್ತು, ಅಂಗೈಯಷ್ಟು.
ಮೈದಾ ಖಳಿಯ ಬಕೀಟಿನಾಗ ಬಿದ್ದು
ಮೂತಿ ಅಂಟಿ, ಸೀನಿ,
ಹೆಸರು ತಾನ ಇಟ್ಟುಕೊಂಡಿತ್ತು.
ನನಗಾಗ ನಲವತ್ತು. ಅದಕ್ಕ ಸೊನ್ನಿ.
'ಬಾರಲೇ ಮಗನ' ಅಂದ್ರ ಬರತಿತ್ತು.

ಈಗ ನನಗ ಐವತ್ತೆರಡು, ಅದಕ್ಕ ಎಪ್ಪತ್ನಾಕು.
ಅಂದ್ರ ನಡುವ ಎಲ್ಲೋ ಒಂದಿನ
ಇಬ್ಬರೂ ಓರಿಗೆಯವರು ಆಗಿರಬೇಕಲ್ಲ?
ಕೂಡಿಸಿ, ಕಳದು, ಭಾಗಿಸಿ ನೋಡಿದೆ:
ನಲವತ್ತಾರೂವರಿ.
ಒಂದು ಮಾಘ ಮಾಸ.

ಹಳೇ ಕೀರ್ದಿ ಇಳಿಸಿ ಧೂಳು ಹೊಡದೆ.
ರೆಕ್ಸಿನ್ ಮೂರು ಮೀಟರ್. ದಾರದ ಉಂಡಿ ಆರು.
ಚಹಾ ನಾಕು.
ಖಳಿಗೆ ಮೈದಾ ಎರಡು ಕಿಲೊ.
ಖಳಿಗೆ ಬಿಸ್ಕೀಟು ಐದು ರೂಪಾಯಿ.
ಅಷ್ಟ.
ಅವತ್ತೂ ಅದು ಹೊಸ್ತಿಲ ಮ್ಯಾಲೆ ಅಡ್ಡ ಮಲಗಿದ್ದೀತು,
ನಾ ದಾಟಿ ಹೋಗಿದ್ದೇನು;
ಅದು ನನ್ನ ದಾಟಿದ್ದು
ಯಾರ ಕಾಲಿಗೂ ತಾಗಲಿಲ್ಲ.

ಹೋದ ಚಳಿಗಾಲಕ್ಕ ನಮ್ಮಪ್ಪನ್ನೂ ದಾಟೇತಿ.
ಅಪ್ಪ ಎಪ್ಪತ್ತೊಂದಕ್ಕ ನಿಂತಾಂವ.

ದಾಕ್ಷಾಯಣಿ ಚೀಟಿ ಓದಿ ನಕ್ಕಳು:
'ನಿಮ್ಮ ವಯಸ್ಸರೆ ಖರೇ ಏನ್ರೀ?
ಜೂನ್ ಒಂದು ಅಂತ ಮಾಸ್ತರು ಬರದದ್ದು.
ಹತ್ತಿ ಬಿಡಸೋ ಮುಂದ ಹುಟ್ಟ್ಯಾನ ಅಂತಿದ್ರು ಅತ್ತಿ.'
ಹಂಗಾದ್ರ ಆ ಮಾಘಾನೂ ಹಿಂದಮುಂದ.
ಪಟ್ಟಿ ಮಡಚಿ ಕೀರ್ದಿಯೊಳಗ ಇಟ್ಟೆ.

ಈಗ ಒಂದ ತೊಡಕು ಉಳೀತು.
ಹಿರ್ಯಾರಿಗೆ 'ಲೇ' ಅನ್ನೋ ರೂಢಿ ನಮ್ಮ ಮನಿಯಾಗಿಲ್ಲ.

ರಾತ್ರಿ, ಶಟರ್ ಅರ್ಧ ಎಳದು,
ಗಂಟಲು ಸರಿ ಮಾಡಿಕೊಂಡು ಅಂದೆ:
'ಬರ್ರಿ, ಮನಿಗೆ ಹೋಗೂಣು.'

ಖಳಿ ತಲಿ ಎತ್ತಿತು.
ನನ್ನ ನೋಡಿತು. ಹೊಳ್ಳಿ ಬಾಗಿಲ ಕಡೆ ನೋಡಿತು,
ಯಾರೋ ದೊಡ್ಡವರು ಬಂದಾರ ಅಂತ
ಎದ್ದು, ಹಿಂಗಾಲು ಎಳಕೊಂತ,
ಜಾಗಾ ಬಿಟ್ಟು ಸರದು ಕುಂತಿತು.