ಗೋಡೆಯ ಮೊಳ

ಪುರಭವನದ ಬಾಗಿಲ ಎಡಕ್ಕೆ, ಎದೆಯೆತ್ತರದಲ್ಲಿ
ಗೋಡೆಗೆ ಜಡಿದ ಒಂದು ಕಬ್ಬಿಣದ ಪಟ್ಟಿ.
ಈ ತುದಿಗೊಂದು ಗುಬುಟು, ಆ ತುದಿಗೊಂದು,
ನಡುವೆ ಊರಿನ ಮೊಳ.
ಸಂತೆಯಲ್ಲಿ ಅರಿವೆ ಕೊಂಡವರು
ಅನುಮಾನ ಬಂದರೆ ಇಲ್ಲಿ ಹಿಡಿದು ನೋಡುತ್ತಿದ್ದರಂತೆ.
ನಾನೂರು ವರ್ಷ ಬೆರಳು ಸವರಿ
ಕಬ್ಬಿಣಕ್ಕೆ ಬೆಣ್ಣೆಯ ನುಣುಪು.

ನಾನು ಶ್ಚಿಬೋರ್, ಗಾರೆಯವನು.
ಸಿಲೇಸಿಯಾದ ಹಳೆಯ ಗೋಡೆಗಳ ಗಾಯಕ್ಕೆ
ಸುಣ್ಣ ಮೆತ್ತುವುದು ಕಸುಬು.
ಹಿಮ ಕರಗಿದೊಡನೆ ಸಾರುವೆ ಕಟ್ಟಿ ಹತ್ತಿದೆ.
ಕೆಳಗಿನವರಿಗೆ ಕಾಣದ್ದೆಲ್ಲ ಇಲ್ಲಿದೆ:
ಮೆಟ್ಟಿಲು ಮೆಟ್ಟಿಲಾಗಿ ಮುಗಿಲಿಗೇರುವ ಮುಮ್ಮುಖಕ್ಕೆ
ಹಿಂದುಗಡೆ ಬರೀ ಒರಟು ಇಟ್ಟಿಗೆ,
ಮುಂದೆ ಜರಿಪೇಟ, ಹಿಂದೆ ಹರಕಂಗಿ.
ನ್ಯಾಯದೇವತೆಯ ಕಲ್ಲುತಕ್ಕಡಿಯಲ್ಲಿ
ಒಂದು ತಟ್ಟೆಗೆ ಮಾತ್ರ ಪಾರಿವಾಳದ ಗೂಡು.
ಕಲ್ಲಿಗೊಂದು ಕಲ್ಲುಕುಟಿಗನ ಗುರುತು:
ಮೀನಿನ ಮುಳ್ಳು, ಮುರಿದ ಬಾಣ, ತಲೆಕೆಳಗಾದ ನಾಲ್ಕು.
ವಾರದ ಕೂಲಿ ಎಣಿಸಲು ಕೆತ್ತಿದ್ದು;
ಇನ್ನೂ ಹರಿತವಾಗಿದೆ.
ಹೆಸರು ನಿಲ್ಲಲೆಂದು ಮೂರ್ತಿ ಮಾಡಿಸಿಕೊಂಡ ಮೇಯರುಗಳ
ಮೂಗನ್ನು ಮಳೆ ತಿಂದಿದೆ.

ಹತ್ತೂವರೆಗೆ ಬೊಗುಮೀವಾ ಚಹಾ ತರುತ್ತಾಳೆ,
ಸೊಂಟದಲ್ಲಿ ಕೀಲಿಕೈ ಗೊಂಚಲು, ವಯಸ್ಸು ಎಂಬತ್ತಾರು.
ವಾರಕ್ಕೊಮ್ಮೆ ನೂರಾ ಹನ್ನೆರಡು ಮೆಟ್ಟಿಲು ಹತ್ತಿ
ಗಡಿಯಾರಕ್ಕೆ ಕೀಲಿ ಕೊಡುವವಳು ಇವಳೇ.

"ಯುದ್ಧ ಮುಗಿದ ಬೇಸಿಗೆ. ದನ ತುಂಬುವ ರೈಲುಡಬ್ಬಿಯಲ್ಲಿ
ಪೂರ್ವದಿಂದ ಬಂದಿಳಿದೆವು.
ಒಂದು ಹೊಲಿಗೆ ಯಂತ್ರ, ಒಂದು ಬಾತುಕೋಳಿ, ಐದು ಜನ.
ನಾವು ಊರು ಬಿಡಲಿಲ್ಲ ಮಗಾ,
ಗಡಿಯೇ ಎದ್ದು ನಮ್ಮೂರ ದಾಟಿ ಬಂದಿತ್ತು.
ಇಲ್ಲಿಯವರು ಪಶ್ಚಿಮಕ್ಕೆ ಗಂಟು ಕಟ್ಟುತ್ತಿದ್ದರು.
ನಮಗೆ ಸಿಕ್ಕ ಮನೆಯ ಒಲೆ ಇನ್ನೂ ಬೆಚ್ಚಗಿತ್ತು;
ಅಮ್ಮ ಮೂರು ದಿನ ಅದರ ಮೇಲೆ ಅಡುಗೆ ಮಾಡಲಿಲ್ಲ.

ಗಡಿಯಾರ ನಿಂತಿತ್ತು.
ಬಲ್ಲವನು ಒಬ್ಬನೇ, ಟ್ರೌಗೊಟ್ ಮುದುಕ,
ಹೊರಡುವ ಪಟ್ಟಿಯಲ್ಲಿ ಅವನ ಸರದಿ ಶರತ್ಕಾಲಕ್ಕೆ.
ಅವನ ಮಾತು ಅಪ್ಪನಿಗೆ ತಿಳಿಯದು, ಅಪ್ಪನದು ಅವನಿಗೆ.
ಬೆರಳಲ್ಲೇ ಪಾಠ. ಹದಿನಾಲ್ಕು ಸುತ್ತು.
ಹದಿನೈದನೆಯದಕ್ಕೆ ಏನಾಗುತ್ತದೆಂದು
ಕಿವಿ ಮುಚ್ಚಿ, ಕಣ್ಣರಳಿಸಿ, ಢಂ ಎಂದು ತೋರಿಸಿದ.
ನಾನು ನಕ್ಕೆ. ಅವನೂ ನಕ್ಕ.
ಹೋಗುವ ದಿನ ಗೋಡೆಯ ಮೊಳಕ್ಕೆ
ತನ್ನ ತೋಳನ್ನೇ ಹಿಡಿದು ನೋಡಿಕೊಂಡ, ಮುಂಗೈವರೆಗೆ.
ಆಮೇಲೆ ಗಾಡಿ ಹತ್ತಿದ."

ಬಾಗಿಲ ಮೇಲಿದ್ದ ಅವರ ಲಿಪಿಗೆ
ಗಾರೆ ಬಳಿದು ಮುಚ್ಚಿದವನು ನನ್ನ ಅಜ್ಜ.
ಇದನ್ನು ಬೊಗುಮೀವಾಗೆ ಹೇಳಿಲ್ಲ, ಗೊತ್ತಿರಬಹುದು.
ಗಾರೆ ಒದ್ದೆಯಾದಾಗಲೆಲ್ಲ ಒಳಗಿನ ಅಕ್ಷರ
ಮೈಮೇಲಿನ ನರದಂತೆ ಏಳುತ್ತದೆ,
ಬಿಸಿಲಿಗೆ ಮತ್ತೆ ಮಲಗುತ್ತದೆ.
ಕೆರೆಯಬೇಕೋ ಇನ್ನೊಂದು ಪದರ ಮೆತ್ತಬೇಕೋ
ನಗರಸಭೆಯವರು ಇನ್ನೂ ತಿಳಿಸಿಲ್ಲ.

ನಿನ್ನೆ ದಾಖಲೆಗೆಂದು ಮೊಳಕ್ಕೆ ಟೇಪು ಹಿಡಿದೆ.
ಹಳೆಯ ಕಡತದಲ್ಲಿ ಸೀಮೆಯ ಮೊಳದ ಲೆಕ್ಕವಿತ್ತು.
ನಮ್ಮದು ಒಂದು ಬೆರಳು ಕಡಿಮೆ.
ಮತ್ತೆ ಹಿಡಿದೆ. ಒಂದು ಬೆರಳು.
ಊರಿಗೆ ಊರೇ ನಾನೂರು ವರ್ಷ
ಗಿಡ್ಡ ಮೊಳದಲ್ಲಿ ಕೊಂಡು, ಮಾರಿ, ಜಗಳವಾಡಿ,
ಹೆಣಕ್ಕೆ ಹೊದಿಸಿ, ಕೂಸಿಗೆ ಸುತ್ತಿ ಬಾಳಿದೆ.
ಮೊಳದ ಮೇಲೇ ಅನುಮಾನ ಬಂದಿದ್ದರೆ
ಯಾವ ಗೋಡೆಗೆ ಹಿಡಿಯುತ್ತಿದ್ದರು?

ಕೇಳಿ ಬೊಗುಮೀವಾ ಚಹಾ ಚೆಲ್ಲಿಕೊಂಡಳು.
"ಮದುವೆಯ ಬಟ್ಟೆ ನಾನು ಇಲ್ಲೇ ಅಳೆದದ್ದು!
ಲಂಗ ಮೊಣಕಾಲಿಗೆ ಬಂತೆಂದು ದರ್ಜಿಗೆ ಎಷ್ಟು ಬೈದೆ.
ಸತ್ತುಹೋದ, ಪಾಪ. ಈಗ ಬೈಗುಳ ಯಾರಿಂದ ವಾಪಸು ತರಲಿ?"

ರಾತ್ರಿ ನಿದ್ದೆ ಬರದೆ ಹೊಳೆಯಿತು:
ಸವೆದರೆ ಗುಬುಟುಗಳ ನಡುವಿನ ಅಂತರ ಹೆಚ್ಚುತ್ತದೆ.
ಅಂದರೆ ಜಡಿದ ದಿನ ಇನ್ನೂ ಗಿಡ್ಡ.
ಅನುಮಾನದಿಂದ ಬಂದ ಒಂದೊಂದು ಕೈಯೂ
ಅದನ್ನು ಒಂದೊಂದು ರವೆ
ಸರಿಯ ಕಡೆಗೆ ಉಜ್ಜಿದೆ.

ಬೆಳಿಗ್ಗೆ ಸುಣ್ಣದ ಕೈ ಒರೆಸಿಕೊಂಡು
ಬಲಗಡೆಯ ಗುಬುಟನ್ನು ಹೆಬ್ಬೆರಳಲ್ಲಿ ಸವರಿದೆ.
ಮೇಲೆ ಗೋಪುರದಲ್ಲಿ ಕಿರ್ರೆನ್ನುತ್ತಿತ್ತು ಹಲ್ಲುಚಕ್ರ,
ಹನ್ನೆರಡು, ಹದಿಮೂರು,
ಹದಿನಾಲ್ಕು.