ಹಗ್ಗದ ಅಳತಿ

ನಮ್ಮ ಗಡ್ಡಿಗೆ ಊರು ಅನ್ನೋ ಹೆಸರಿರಲಿಲ್ಲ.
ಈ ದಂಡಿಯವರು ನಮ್ಮನ್ನ ಆ ದಂಡಿಯವರು ಅಂತಿದ್ರು,
ಆ ದಂಡಿಯವರು ಈ ದಂಡಿಯವರು ಅಂತಿದ್ರು.
ಹಾವನೂರಿನ ಕೆಳಗ, ಹೊಳಿ ಎರಡಾಗಿ ಮತ್ತ ಕೂಡೂ ಜಾಗಾದಾಗ
ಏಳು ಮನಿ, ಎರಡು ಹರಗೋಲು, ಒಂದು ಬೇವಿನ ಗಿಡ.

ಮಾಲತೇಶಿ ಅಂಬೆಗಾಲು ಇಟ್ಟ ದಿನ
ಮನ್ಯಾಗ ಯಾರೂ ಸಕ್ರಿ ಹಂಚಲಿಲ್ಲ.
ಗುಡ್ಡವ್ವಜ್ಜಿ ಸುಮ್ನ ಎದ್ದು
ಅಟ್ಟದ ಮ್ಯಾಲಿಂದ ಪುಂಡಿನಾರಿನ ಹಗ್ಗ ಇಳಿಸಿದ್ಲು.
ಒಂದು ತುದಿ ಅವನ ಉಡದಾರಕ್ಕ,
ಇನ್ನೊಂದು ನಡುಗಂಬಕ್ಕ.

ಅದೇ ಹಗ್ಗ ಅಪ್ಪನ್ನ ಹಿಡದಿತ್ತು,
ದೊಡ್ಡತ್ತಿನ್ನ, ಸಣ್ಣತ್ತಿನ್ನ, ನನ್ನ.
ವರ್ಷಕ್ಕೊಮ್ಮೆ ಎಣ್ಣಿ ಉಣಿಸಿ ಬಿಸಲಿಗೆ ಇಡತಿದ್ಲು.
ನಟ್ಟನಡುವ ಒಂದು ಗಂಟಿತ್ತು.
ಯಾಕ ಅಂತ ಕೇಳಿದ್ರ
ಒಲಿಯೊಳಗ ಇನ್ನೊಂದು ಕಟಗಿ ದೂಕತಿದ್ಲು, ಅಷ್ಟ.

ಮೊದಲನೇ ತಿಂಗಳು ಮೂರು ಮೊಳ, ಬೀಸೂಕಲ್ಲಿನ ತನಕ.
ಐದು ಮೊಳಕ್ಕ ಹೊಸ್ತಿಲ ಬಂತು.
ಎಂಟಕ್ಕ ಕೋಳಿಗೂಡು, ಒಂದು ಕೋಳಿ ಕುಕ್ಕಿದ್ದು, ಒಂದು ರಾತ್ರಿ ಜ್ವರ.
ಹನ್ನೊಂದಕ್ಕ ಬೇವಿನ ನೆರಳು ಮುಗಿಯೂ ಕಡೆ.
ಅಲ್ಲಿಂದ ಹೊಳಿ ಕಾಣತಿತ್ತು, ಸಿಗತಿರಲಿಲ್ಲ.

ಅವನ ಮೊದಲ ಮಾತು ಅವ್ವ ಅಲ್ಲ.
ನೆರಳಿನ ಅಂಚಿಗೆ ಕೂತು, ನೀರಿನ ಕಡೆ ಕೈ ಮಾಡಿ
‘ಬಾ’ ಅಂದ.
ಅವ್ವ ಓಡಿ ಹೋಗಿ ಬಾಯಿ ಮುಚ್ಚಿದ್ಲು.
ಅವನು ಅವಳ ಬೆರಳ ಸಂದ್ಯಾಗಿಂದ ಮತ್ತ ‘ಬಾ’ ಅಂದ.

ಗಡ್ಡೀ ಮ್ಯಾಲ ಕೂಸು ಒಬ್ಬರ ಮನೀದಲ್ಲ.
ಗೆಜ್ಜಿ ಸಪ್ಪಳ ನಿಂತಿತೋ,
ರೊಟ್ಟಿ ಹಿಟ್ಟಿನ ಕೈಲೇ ಏಳೂ ಮನೀ ಹೆಂಗಸರು ಅಂಗಳಕ್ಕ.
ಹೆಚ್ಚಿನಪಾಲು ಅವನು ಮಲಗಿರತಿದ್ದ,
ಹೆಬ್ಬೆರಳು ಬಾಯಾಗ, ಹಗ್ಗ ಬಗಲಾಗ.

ಗುರುವಾರಕ್ಕೊಮ್ಮೆ ಅಂಗನವಾಡಿ ರಾಜಬಿ ಅಕ್ಕೋರು.
ಹರಗೋಲಿನ್ಯಾಗ ಕಣ್ಣು ಮುಚ್ಚಿ,
ಹಿಟ್ಟಿನ ಚೀಲ ಅಪ್ಪಿಕೊಂಡು ಬರತಿದ್ರು.
ಬೇವಿನ ಟೊಂಗಿಗೆ ತಕ್ಕಡಿ ತೂಗ ಬಿಟ್ಟು
ಕೂಸುಗಳನ್ನ ಒಂದೊಂದಾಗಿ ಕುಂಬಳಕಾಯಿ ಹಂಗ ತೂಗತಿದ್ರು.
‘ಹಗ್ಗ ಬಿಚ್ಚರಿ ಯಮ್ಮಾ, ಕೂಸು ಏನು ದನಾನ?’
ಅಜ್ಜಿ ಎಲಿ ಮಡಚತಾ ಅಂದ್ಲು,
‘ದನಕ್ಕ ಈಸಾಕ ಬರತೈತಿ ಅಕ್ಕೋರ.’
ಅವರು ನಕ್ಕರು, ಆಮ್ಯಾಲ ನಗಲಿಲ್ಲ.
ಎಂಟು ಕಿಲೋ ನಾಕನೂರು ಅಂತ ಪೆನ್ನಿಲೆ ಬರದ್ರು,
ವಿಳಾಸ ಮಾತ್ರ ಪೆನ್ಸಿಲ್ಲಿಲೆ.

ಆ ಆಷಾಢದಾಗ ಹೊಳಿ ಬಂತು, ಕರದವರ ಮನಿಗೆ ಬಂದಂಗ.
ಮ್ಯಾಲಿನ ಡ್ಯಾಮಿನ ಗೇಟು ತಗದಾರ ಅಂತ
ನಡುರಾತ್ರಿ ದಂಡಿಯಿಂದ ಮೈಕು ಒದರಿತು.
ಬೀಸೂಕಲ್ಲು ಬಿಟ್ಟಿವಿ. ಕೋಳಿ ಬಿಡಲಿಲ್ಲ.
ಮಾಲತೇಶಿಯ ಹಗ್ಗದ ಇನ್ನೊಂದು ತುದಿ
ಅಜ್ಜಿಯ ನಡಕ್ಕ ಬಿಗಿದಿತ್ತು.
ಅಪ್ಪ ಹುಟ್ಟು ಹಾಕತಿದ್ದ. ಯಾರೂ ಮಾತಾಡಲಿಲ್ಲ.
ಅವನೊಬ್ಬನ ಖುಷೀಲೆ ಚಪ್ಪಾಳಿ ಬಡೀತಿದ್ದ.

ಹಾವನೂರ ಸಾಲಿಯ ಪಡಸಾಲಿ, ನುಣ್ಣನ ಫರಸಿ.
ಬೆಳಕು ಹರದ ಮ್ಯಾಲ ಅಜ್ಜಿ ಗಂಟು ಬಿಚ್ಚಿ
‘ಹೋಗಪಾ, ಇಲ್ಲಿ ಎಲ್ಲಾ ನೆಲ’ ಅಂದ್ಲು.
ಗ್ವಾಡಿ ಹಿಡದು ಎದ್ದ, ಗ್ವಾಡಿ ಬಿಟ್ಟ, ನಡದ.
ಒಂದನೇತ್ತಿ ಖೋಲಿ ದಾಟಿದ.
ಎರಡನೇತ್ತಿ ಬಾಗಲಕ್ಕ ಗಕ್ಕನ ನಿಂತ.
ಹಿಂದ ಯಾರೂ ಜಗ್ಗಿರಲಿಲ್ಲ.
ಹೊಟ್ಟಿ ಮುಟ್ಟಿ ನೋಡಿಕೊಂಡ, ತಿರುಗಿ ನಮ್ಮನ್ನ ನೋಡಿದ.
ಅಜ್ಜಿ ಬಗ್ಗಿ, ಫರಸಿ ಮ್ಯಾಲ ಬರಿಗೈಲೆ ಮೊಳ ಹಾಕಿದ್ಲು.
ಹನ್ನೊಂದು.

ಮಧ್ಯಾಹ್ನ ಎರಡು ಕಂಬದ ನಡುವ ಅದೇ ಹಗ್ಗ ಕಟ್ಟಿ
ತೊಯ್ದ ಕೌದಿ ಹರವಿದಿವಿ.
ಹೊಳೀ ನೀರು ತೊಟ್ಟಿಕ್ಕತಿತ್ತು, ಕೆಂಪಗ, ಸಾಲಿ ಫರಸಿ ಮ್ಯಾಲ.
ನಾನು ಅಪ್ಪನ ಅಂಗಿ ಹಾಕಾಕ ಹೋದೆ.
‘ಆ ಗಂಟಿನ ಮ್ಯಾಲ ಮಾತ್ರ ಏನೂ ಹಾಕಬ್ಯಾಡ’ ಅಂದ್ಲು ಅಜ್ಜಿ.
ಹಾಕಲಿಲ್ಲ.