ಊದುಗೊಳವೆ

ಅಜ್ಜಿ ಜವರಮ್ಮ ಒಲೆ ಊದುತ್ತಿದ್ದುದು ಕೋವಿಯಲ್ಲಿ.
ಕೋವಿ ಅಂದರೆ ಅದರ ನಳಿಗೆ, ಒಂದೂವರೆ ಗೇಣು,
ಕಮ್ಮಾರ ಕೊಯ್ದ ತುದಿ ಇನ್ನೂ ತುಟಿಗೆ ಒರಟು.
ಏಳು ವರ್ಷದವಳು ನಾನೂ ಊದಿದ್ದೇನೆ;
ಬಾಯಲ್ಲಿ ಕಬ್ಬಿಣದ ರುಚಿ, ಕಣ್ಣಲ್ಲಿ ಹಸಿಸೌದೆಯ ಹೊಗೆ.

"ಮಾಯಿಗಂದು ಕಣವ್ವ ಇದು" ಅನ್ನೋಳು,
ಈಗಷ್ಟೇ ಜಗಲಿಯಿಂದೆದ್ದು ಹೋದವನ ಹಾಗೆ.

ಮಾಯಿಗ ಪಟ್ಟಣದ ಕೋಟೆಯೊಳಗಿದ್ದ.
ತಮ್ಮ ಕೆಂಚ ಹೊರಗೆ, ಕುಂಪಣಿಯ ದಂಡಿಗೆ
ಹುರುಳಿ ಹೇರಿದ ಎತ್ತು ಹೊಡೆದುಕೊಂಡು.
ಹೊಳೆ ಎಲ್ಲಿ ಎದೆಮಟ್ಟ ಎಂದು ತೋರಿಸಿದವನೂ
ಅವನೇ ಅಂತ ನಮ್ಮ ಮನೆಯವರು.
ಅಲ್ಲ ಅಂತ ಆ ಮನೆಯವರು.
ಉಪ್ಪಿನ ಋಣ ಅಂದರಂತೆ ಇಬ್ಬರೂ,
ಉಪ್ಪು ಮಾತ್ರ ಬೇರೆ ಬೇರೆ ಅರಸಿನದು.

ಕೋಟೆ ಬಿದ್ದ ಮೇಲೆ
ಕೆಂಚನಿಗೆ ಕೆರೆ ಕೆಳಗೆ ಎರಡು ಖಂಡುಗ ಗದ್ದೆ, ಕೊಡಗೆ;
ಬೆಳ್ಳಿ ಕಡಗ, ಊರೊಟ್ಟಿನಲ್ಲಿ ಮೊದಲ ತಾಂಬೂಲ.
ಮಾಯಿಗ ಒಂಬತ್ತನೆಯ ದಿನ ಬಂದ,
ಎಡಗಿವಿ ಇಲ್ಲ,
ಕೋವಿಯನ್ನು ರಾಗಿಹುಲ್ಲಿನ ಹೊರೆಯಲ್ಲಿ ಸುತ್ತಿ.
ತಮ್ಮನ ಬಾಗಿಲ ಮುಂದೆಯೇ ಹಾದು ಹೋದ.
ಕೆಂಚ ನೀರಿನ ಚೆಂಬು ಹಿಡಿದು ನಿಂತಿದ್ದನಂತೆ.
ಈ ಚೆಂಬಿನ ಮಾತನ್ನು ಎರಡೂ ಮನೆಯವರು ಒಪ್ಪುತ್ತಾರೆ.

ಆಮೇಲೆ ನಮ್ಮದು ಕಲ್ಲುಬೋರೆ, ಹುಚ್ಚೆಳ್ಳು, ಹುರುಳಿ;
ಅವರ ಗದ್ದೆಗೇ ನಾಟಿ ಹಾಕಲು ಹೋದ ಹೆಂಗಸರು
ಕೂಲಿಭತ್ತ ಸೆರಗಿಗೆ ಕಟ್ಟಿಕೊಂಡರು, ಅನ್ನ ಮಾತ್ರ ಅಲ್ಲಿ ಉಣ್ಣಲಿಲ್ಲ.
ನೂರಮೂವತ್ತು ಚಿಲ್ಲರೆ ವರ್ಷಕ್ಕೆ ಕಟ್ಟೆಯ ನಾಲೆ ಬಂತು.
ನಮ್ಮ ಬೋರೆಗೆ ನೀರು ಹತ್ತಿ ಕಬ್ಬು ನಿಂತಿತು,
ಅವರ ಕೆರೆಬಯಲು ಜೌಗು ಹಿಡಿದು ಆಪು ಬೆಳೆಯಿತು.
ಅಜ್ಜಿ ಹಿಗ್ಗಲಿಲ್ಲ.
"ನೀರ್ಗೇನ್ ಗೊತ್ತವ್ವ, ಯಾರ್ ಯಾವ್ ಕಡೆ ಇದ್ರು ಅಂತ."

ಒಬ್ಬರ ಮನೆಯಲ್ಲಿ ಒಬ್ಬರು ಎಲೆ ಹಾಕಿಲ್ಲ ಇವತ್ತಿಗೂ.
ಸೂತಕ ಮಾತ್ರ ಬಿಟ್ಟಿಲ್ಲ.
ಅಲ್ಲಿ ಯಾರಾದರೂ ಹೋದರೆ ಇಲ್ಲಿ ಹನ್ನೊಂದು ದಿನ;
ಹೆಣ ಎತ್ತುವ ತನಕ ನಮ್ಮ ಒಲೆಗೂ ಬೆಂಕಿಯಿಲ್ಲ.

ಮೊನ್ನೆ ಮಂಗಳವಾರ, ಮೈಸೂರಿನಲ್ಲಿ,
ಹಾಲು ಕಾಯಲಿಟ್ಟಿದ್ದೆ. ಅಣ್ಣನ ಫೋನು:
ಆ ಮನೆಯ ಸಣ್ಣತಾಯಮ್ಮ ಹೋದರಂತೆ.
ಒಮ್ಮೆಯೂ ಮಾತಾಡಿಸಿಲ್ಲ ಆಕೆಯನ್ನು.
ನಾನು ಶಾಲೆಗೆ ಹೋಗುವಾಗ ಬಾವಿಕಟ್ಟೆಯಲ್ಲಿ
ಸೇದುವುದನ್ನು ನಿಲ್ಲಿಸಿ, ಹಗ್ಗ ಬಿಗಿಹಿಡಿದು,
ನಾನು ತಿರುವು ದಾಟುವ ತನಕ ನೋಡುತ್ತಿದ್ದರು.

ಗ್ಯಾಸು ಆರಿಸಿದೆ.
"ಯಾಕಮ್ಮ? ಅವರು ನಮಗೆ ಏನಾಗಬೇಕು?" ಅಂದಳು ಮಗಳು.
ದಾಯಾದಿ, ಅಂದೆ.
ಅವಳಿಗೆ ಆ ಪದ ಹೊಸದು.